ಸೌಧದ ಕಲ್ಲು, ಪರದೇಶಿಯ ನೆರಳು

1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲಿಟ್ಟಾಗ ನಾಗನೂರ, ಗೋಕಾಕ, ಹುಕ್ಕೇರಿಗಳು ಮುಂಬಯಿ ರಾಜ್ಯದಲ್ಲಿದ್ದವು. ಮುಂದೆ ಏಕೀಕೃತ ಕನ್ನಡನಾಡಿನ ಮುಖವೆನಿಸಿದ ಕಟ್ಟಡದ ರೂಪವು ನಿಶ್ಚಯವಾದದ್ದು ನಾಡಿನ ಬಹುಭಾಗ ಹೊರಗಿದ್ದ ಕಾಲದಲ್ಲಿ.

ಕೆ.ಸಿ. ರೆಡ್ಡಿಯವರ ಕಾಲದ ನಕ್ಷೆ ಸರಳವಾಗಿತ್ತು. 1952ರಲ್ಲಿ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಅದನ್ನು ಕೈಬಿಟ್ಟರು. ಇಲ್ಲಿ ನಿಮ್ಮದೇ ಆದ ವಾಸ್ತುವಿಲ್ಲವೇ ಎಂದು ರಷ್ಯದ ನಿಯೋಗವೊಂದು ಕೇಳಿದ ಮಾತು ಅವರಿಗೆ ನಾಟಿತೆಂಬುದು ಪ್ರಸಿದ್ಧ ಕಥೆ. ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ ದ್ರಾವಿಡ ಕಂಬ, ಕಪೋತ, ಗುಮ್ಮಟಗಳನ್ನು ಹೊತ್ತ ಗ್ರಾನೈಟ್ ಸೌಧವು 1956ರಲ್ಲಿ ಎದ್ದುನಿಂತಿತು. ಅದೇ ವರ್ಷಗಳಲ್ಲಿ ನೆಹರೂ ಅವರ ಬೆಂಬಲದಿಂದ ಲೆ ಕಾರ್ಬೂಸಿಯೇ ಚಂಡೀಗಢದಲ್ಲಿ ಬೆತ್ತಲೆ ಕಾಂಕ್ರೀಟಿನ ರಾಜಧಾನಿಯನ್ನು ಕಟ್ಟುತ್ತಿದ್ದನು. ಬೆಂಗಳೂರು ಅದಕ್ಕೆ ಬೆನ್ನು ತಿರುಗಿಸಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಈ ಮಾತು ಅರ್ಧಸತ್ಯ. ಏಕೆಂದರೆ ಆಧುನಿಕತಾವಾದಿ ವಾಸ್ತು ಮೈಸೂರು ಸಂಸ್ಥಾನಕ್ಕೆ ಅದಕ್ಕೂ ಹನ್ನೆರಡು ವರ್ಷ ಮೊದಲೇ ಬಂದಿತ್ತು. ಬರ್ಲಿನ್ನಿನಲ್ಲಿ ಹುಟ್ಟಿದ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಯಹೂದಿಯಾದ ಕಾರಣಕ್ಕೆ ನಾಜಿ ಆಳ್ವಿಕೆಯಲ್ಲಿ ಕೆಲಸ ಕಳೆದುಕೊಂಡು ದೇಶ ಬಿಟ್ಟವನು; 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಸಂಸ್ಥಾನದ ವಾಸ್ತುಶಿಲ್ಪಿಯಾದನು. ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನವಿಜ್ಞಾನ ವಿಭಾಗವೂ ಭೋಜನಶಾಲೆಯೂ ಅವನ ವಿನ್ಯಾಸಗಳು. ಅವನು ಯುರೋಪಿನಿಂದ ತಂದ ರೂಪವನ್ನು ಹಾಗೆಯೇ ಹೇರಲಿಲ್ಲ. ಬಿಸಿಲು ಎತ್ತಲಿಂದ ಬೀಳುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂಬುದರಿಂದ ಆರಂಭಿಸಿದನು. ಮುಂದೆ ಲಂಡನ್ನಿನಲ್ಲಿ ಅವನು ಕಲಿಸಿದ ಉಷ್ಣವಲಯದ ವಾಸ್ತುಶಾಸ್ತ್ರಕ್ಕೆ ಈ ಅನುಭವವೇ ಬುನಾದಿ. ಆಮದು ಎಂಬ ಪದವನ್ನು ಇಲ್ಲಿ ಎಚ್ಚರದಿಂದ ಬಳಸಬೇಕಾಗುತ್ತದೆ.

ವಿಧಾನಸೌಧದ ಅಲಂಕಾರ ದೇಶೀಯ, ನಿಜ. ಆದರೆ ಮಧ್ಯದಲ್ಲಿ ಗುಮ್ಮಟ, ಎರಡೂ ಕಡೆ ಸಮಾನ ರೆಕ್ಕೆಗಳು, ಮುಂದೆ ವಿಶಾಲ ಮೆಟ್ಟಿಲು ಎಂಬ ಯೋಜನೆ ಯಾವ ದೇವಾಲಯದ್ದೂ ಅಲ್ಲ, ಯಾವ ಬಸದಿಯದ್ದೂ ಅಲ್ಲ. ಅದು ವಸಾಹತುಶಾಹಿ ಸರಕಾರಿ ಕಟ್ಟಡಗಳ ಪರಿಚಿತ ಯೋಜನೆ. ಹೊರಗಿನಿಂದ ಬಂದವನು ಹವೆಯನ್ನು ಓದಿದನು, ಒಳಗಿನವರು ಗತವೈಭವವನ್ನು ಓದಿದರು. ಎರಡನೆಯ ಓದಿಗೆ ಮನ್ನಣೆ ದೊರೆಯಿತು. ಮೊದಲನೆಯದು ಸಂಶೋಧಕರ ಪಾಲಾಯಿತು.

2012ರಲ್ಲಿ ಬೆಳಗಾವಿಯ ಹೆದ್ದಾರಿಯ ಬದಿಗೆ ಸುವರ್ಣ ವಿಧಾನಸೌಧ ಉದ್ಘಾಟನೆಯಾದಾಗ ಗಡಿನಾಡಿಗೆ ಬಂದದ್ದೂ ಬೆಂಗಳೂರಿನ ಗುಮ್ಮಟವೇ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಬೆಳಗಾವಿಯ ಕೋಟೆಯೊಳಗೆ, ರಟ್ಟರ ಕಾಲದ ಕಮಲ ಬಸದಿಯಿದೆ. ಅದರ ಛತ್ತಿನಿಂದ ಇಳಿಬಿದ್ದ ಕಲ್ಲಿನ ತಾವರೆಯ ಅಡಿಯಲ್ಲಿ ನಡುಮಧ್ಯಾಹ್ನವೂ ತಂಪಾಗಿರುತ್ತದೆ.