ಕೊರತೆಯನ್ನು ತುಂಬುವ ಗುಣ

‘ನ್ಯೂನಪರಿಹಾರಕ’ವೆಂಬ ವಿಶೇಷಣವು ಎಲ್ಲ ಒಳ್ಳೆಯ ಗುಣಗಳಿಗೂ ಸಲ್ಲತಕ್ಕುದಲ್ಲ. ಮೊದಲು ಕೊರತೆಯೊಂದಿರಬೇಕು, ಅದನ್ನು ಅಳಿಸದೆ, ಸಹ್ಯವಾಗಿಸುವ ಗುಣಕ್ಕೆ ಮಾತ್ರ ಆ ಮಾತು ಒಪ್ಪುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯೇ ಇದಕ್ಕೆ ನಿದರ್ಶನ. ಅಲ್ಲಿ ಮಳೆ ಕಡಮೆ. ಕೆರೆಗಳು ಬೇಗನೆ ಬತ್ತುವುವು. ಆದರೆ ಹಳ್ಳಕೊಳ್ಳಗಳ ಬಳಿಯ ಮರಳುನೆಲದಲ್ಲಿ ಕೆಲವೇ ಅಡಿ ತೋಡಿದರೆ ಊಟೆಯೊಡೆದು ನೀರು ಬರುತ್ತಿದ್ದಿತು. ಇದೇ ತಲಪರಿಗೆ. ಲೂಯಿ ರೈಸರು 1897ರಲ್ಲಿ ಪರಿಷ್ಕರಿಸಿದ ಮೈಸೂರು ಗೆಜೆಟಿಯರಿನಲ್ಲಿಯೂ ಇದರ ಪ್ರಸ್ತಾಪವುಂಟು. ನೀರನ್ನು ಕಾಲುವೆಯಿಂದ ಹಾಯಿಸುತ್ತಿದ್ದರು. ಇಲ್ಲವೆ ಬಾವಿಯಲ್ಲಿ ಕೂಡಿಟ್ಟು ಕಪಿಲೆಯಿಂದ ಎತ್ತುತ್ತಿದ್ದರು. ಊರವರು ಕೂಡಿ ಹೂಳೆತ್ತುವುದೂ, ಸರದಿಯಂತೆ ನೀರು ಹಂಚಿಕೊಳ್ಳುವುದೂ ರೂಢಿಯಾಗಿದ್ದಿತು.

ಮುಂದೆ ಕೊಳವೆಬಾವಿಗಳು ಆಳಕ್ಕಿಳಿದುವು. ಹಳ್ಳದ ಮರಳು ಮನೆಕಟ್ಟಲು ಸಾಗಿತು. ಅನೇಕ ತಲಪರಿಗೆಗಳು ಬತ್ತಿಹೋದುವು. ಮಳೆಯ ಕೊರತೆ ಹಿಂದೆಯೂ ಇದ್ದಿತು. ಕಳೆದುಹೋದುದು ಅದರ ಪರಿಹಾರ.

ಆದುದರಿಂದ ನಾಡೊಂದರ ನ್ಯೂನಪರಿಹಾರಕ ಗುಣವನ್ನು ಹೊಗಳುವ ಮುನ್ನ ಇಷ್ಟನ್ನು ನೆನೆಯಬೇಕು: ಕೊರತೆ ತಾನಾಗಿಯೇ ಉಳಿಯುತ್ತದೆ, ಅದನ್ನು ತುಂಬುವ ಗುಣವಾದರೋ ಜನರು ಕಾಪಾಡಿದರೆ ಮಾತ್ರ ಉಳಿಯುತ್ತದೆ.