ಕತ್ತರಿಸಿ ಅಂಟಿಸಿದ ಚಿತ್ರ ಯಾರದು?

ತರೀಕೆರೆ ಸೀಮೆಯ ಅಮೃತಪುರದಲ್ಲಿರುವ ಅಮೃತೇಶ್ವರ ದೇವಾಲಯ 1196ರದು; ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮಿತಯ್ಯ ಕಟ್ಟಿಸಿದ್ದು. ಅಲ್ಲಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಶಿಲ್ಪಕಾರ್ಯದಲ್ಲಿ ರೂವಾರಿ ಮಲ್ಲಿತಮ್ಮನ ಕೈವಾಡವಿದೆ. ಕಲೆಯ ಒಡೆತನವನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಈ ಇಬ್ಬರು ನೆನಪಾಗುತ್ತಾರೆ. ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ಅವನದಲ್ಲ, ವಾದಿರಾಜನ ಸಂಸ್ಕೃತ ಕಾವ್ಯದ್ದು. ಗಿರೀಶ ಕಾರ್ನಾಡರು ಅದನ್ನೇ ಜನ್ನನಿಂದ ಪಡೆದು ‘ಹಿಟ್ಟಿನ ಹುಂಜ’ ಬರೆದರು. ಇದನ್ನು ಕಳವೆಂದು ಯಾರೂ ಬಗೆದಿಲ್ಲ. ಹೊಯ್ಸಳ ಶಿಲ್ಪಿಗಳಾದರೋ ಒಂದೇ ಮಾದರಿಯ ಮೂರ್ತಿಗಳನ್ನು ಗುಡಿಯಿಂದ ಗುಡಿಗೆ ಕಡೆದರು. ಆದರೆ ಪೀಠದ ಕೆಳಗೆ ತಮ್ಮ ತಮ್ಮ ಹೆಸರನ್ನು ಕೊರೆಯುವುದನ್ನು ಮರೆಯಲಿಲ್ಲ.

ಮಾದರಿ ಎಲ್ಲರದು, ಮಾಡಿದ ಕೈ ಒಬ್ಬನದು ಎಂಬ ಈ ತಿಳಿವಳಿಕೆಗೆ ಇಂದಿನ ಕಾನೂನು ಅಷ್ಟು ದೂರವೇನಲ್ಲ. ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಅದು ತಳೆದ ರೂಪಕ್ಕೆ ಮಾತ್ರ ಉಂಟು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ ಹೇಳಿತು. ತೊಡಕು ಬರುವುದು ಬೇರೆಯವರ ರೂಪವನ್ನೇ ಇದ್ದಕ್ಕಿದ್ದಂತೆ ಎತ್ತಿ ತನ್ನದರಲ್ಲಿ ಸೇರಿಸಿದಾಗ. ಅಂಟುಚಿತ್ರ, ಅಂದರೆ ಕೊಲಾಜ್, ಹುಟ್ಟುವುದೇ ಹಾಗೆ.

ಕಳಸದ ಕಡೆಯ ತರುಣನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಕಂಪ್ಯೂಟರಿನಲ್ಲಿ ರಚಿಸಿದ ಅಂಥದೊಂದು ಚಿತ್ರವನ್ನು ನನಗೆ ತೋರಿಸಿದ. ಕಾಫಿ ತೋಟದ ಮಂಜಿನ ನಡುವೆ ಅಮೃತಪುರದ ಶಿಲ್ಪವೊಂದು, ಅದರ ಪಕ್ಕದಲ್ಲಿ ರವಿವರ್ಮನ ಸರಸ್ವತಿ, ಕೊಂಬೆಯ ಮೇಲೆ ಪೂರ್ಣಚಂದ್ರ ತೇಜಸ್ವಿಯವರು ತೆಗೆದ ಹಕ್ಕಿ. ಚಿತ್ರ ಚೆನ್ನಾಗಿತ್ತು. ಅದನ್ನು ಅಚ್ಚುಹಾಕಿಸಿ ಮಾರಬೇಕೆಂದಿದ್ದ. ‘ಕೆಳಗೆ ಮೂವರ ಹೆಸರನ್ನೂ ಹಾಕುತ್ತೇನೆ, ಸಾಲದೆ?’ ಎಂದು ಕೇಳಿದ. ಮಲ್ಲಿತಮ್ಮನ ಕಾಲಕ್ಕೆ ಸಾಲುತ್ತಿತ್ತು, ಈಗ ಸಾಲದು.

ಮೂರನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಶಿಲ್ಪಕ್ಕೆ ಇಂದು ಹಕ್ಕುದಾರರಿಲ್ಲ. ಆದರೆ ಇನ್ನೊಬ್ಬರು ತೆಗೆದ ಶಿಲ್ಪದ ಛಾಯಾಚಿತ್ರಕ್ಕೆ ಇದ್ದಾರೆ. ನಮ್ಮ ಹುಡುಗ ಅದನ್ನು ಎಲ್ಲಿಂದಲೋ ಇಳಿಸಿಕೊಂಡಿದ್ದ! ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವನ ಚಿತ್ರಗಳು ಸಾರ್ವಜನಿಕರ ಸೊತ್ತಾಗಿ ಬಹುಕಾಲವಾಯಿತು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಅವನ ಮುದ್ರಣಾಲಯದ ಪಟಗಳು ನಮ್ಮ ಮಲೆನಾಡಿನ ತೊಟ್ಟಿಮನೆಗಳಿಗೂ ಬಂದವು. ಲಕ್ಷ್ಮಿಯ ಸೀರೆಯ ಮೇಲೆ ಹೆಂಗಸರು ಬಟ್ಟೆಯ ಚೂರು, ಜರಿ, ಚಮಕಿಗಳನ್ನು ಅಂಟಿಸಿ ಕಟ್ಟು ಹಾಕಿಸಿದ ಪಟಗಳನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಪ್ಯಾರಿಸಿನ ಪಿಕಾಸೊ, ಬ್ರಾಕ್ 1912ರಲ್ಲಿ ಕೊಲಾಜನ್ನು ಕಲೆಯಾಗಿಸಿದರೆಂದು ಪುಸ್ತಕಗಳು ಹೇಳುತ್ತವೆ. ನಮ್ಮ ಅಜ್ಜಿಯರ ಹೆಸರು ಆ ಪುಸ್ತಕಗಳಲ್ಲಿಲ್ಲ.

ಉಳಿದದ್ದು ಹಕ್ಕಿ. 1957ರ ಕಾಯಿದೆಯಲ್ಲಿ ಛಾಯಾಚಿತ್ರದ ಹಕ್ಕಿನ ಅವಧಿಯನ್ನು ಪ್ರಕಟವಾದ ವರ್ಷದಿಂದ ಎಣಿಸುತ್ತಿದ್ದರು. 2012ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿ, ಕವಿತೆಗೂ ಫೋಟೋಗೂ ಒಂದೇ ಲೆಕ್ಕ ಮಾಡಿತು: ಕರ್ತೃವಿನ ಆಯುಸ್ಸು ಮತ್ತು ಅನಂತರದ ಅರವತ್ತು ವರ್ಷ. ಮೂಡಿಗೆರೆಯ ತೇಜಸ್ವಿ ನಮ್ಮನ್ನಗಲಿದ್ದು 2007ರಲ್ಲಿ. ಆದ್ದರಿಂದ ಅವರ ಹಕ್ಕಿ 2067ರ ಕೊನೆಯವರೆಗೆ ಅನುಮತಿಯಿಲ್ಲದೆ ಇನ್ನೊಬ್ಬರ ಕೊಂಬೆಗೆ ಹಾರಲಾರದು.

ಕಾಯಿದೆಯ 52ನೆಯ ಕಲಂ ‘ನ್ಯಾಯೋಚಿತ ವ್ಯವಹಾರ’ಕ್ಕೆ ಎಡೆಗೊಟ್ಟಿದೆ: ಖಾಸಗಿ ಅಭ್ಯಾಸ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಮುಂತಾದವು. ಅಂಟುಚಿತ್ರದ ಹೆಸರು ಅಲ್ಲಿಲ್ಲ. ಈ ಕಲಮಿನ ಬೆಲೆಯನ್ನು ಕನ್ನಡಿಗರಿಗೆ ತಿಳಿಸಿದ್ದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಮೊಕದ್ದಮೆ. ಕಾರಂತರ ಉಯಿಲಿನಿಂದ ಬಂದ ಹಕ್ಕನ್ನು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ಮನ್ನಿಸಿತು. ಆದರೂ ಶಿಕ್ಷಣಸಂಸ್ಥೆಯ ಚಟುವಟಿಕೆಯಾಗಿಯೋ ಹಣ ಪಡೆಯದೆಯೋ ಆಡುವ ಪ್ರದರ್ಶನಕ್ಕೆ ಕಾಯಿದೆ ಕೊಟ್ಟ ವಿನಾಯಿತಿಯನ್ನು ಕಾಯ್ದಿತು. ಅಮೆರಿಕದ ‘ನ್ಯಾಯಯುತ ಬಳಕೆ’ಯ ನಿಯಮ ನಮ್ಮದಕ್ಕಿಂತ ವಿಶಾಲವಾದದ್ದು. ಅಲ್ಲಿಯೂ 2023ರಲ್ಲಿ, ಗಾಯಕ ಪ್ರಿನ್ಸ್‌ನ ಫೋಟೋವನ್ನು ಆಧರಿಸಿ ಆಂಡಿ ವಾರ್ಹಾಲ್ ಮಾಡಿದ ಚಿತ್ರವನ್ನು ಪತ್ರಿಕೆಗೆ ಬಾಡಿಗೆಗೆ ಕೊಟ್ಟ ಪ್ರಶ್ನೆಯಲ್ಲಿ ತೀರ್ಪು ಛಾಯಾಗ್ರಾಹಕಿಯ ಪರವಾಯಿತು. ಹೊಸ ಚಿತ್ರವೂ ಹಳೆಯದರ ಉದ್ದೇಶವನ್ನೇ, ಅದರ ಮಾರುಕಟ್ಟೆಯಲ್ಲೇ ನೆರವೇರಿಸಿತ್ತು ಎಂಬುದು ಕಾರಣ.

ನನ್ನ ಅಭಿಪ್ರಾಯ ಕೇಳಿದರೆ, ಕಾಡಿನಲ್ಲಿ ಕಾದು ಕುಳಿತವನ ಶ್ರಮವನ್ನು ಉದುರಿದ ಎಲೆಯಂತೆ ಆಯ್ದುಕೊಳ್ಳುವುದು ತರವಲ್ಲ. ಆದರೆ ಅರವತ್ತು ವರ್ಷ ಹೆಚ್ಚಾಯಿತು. ಐವತ್ತಿದ್ದದ್ದು ಅರವತ್ತಾದದ್ದು 1992ರಲ್ಲಿ, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತಿದ್ದ ಸಂದರ್ಭದಲ್ಲಿ. ಒಬ್ಬ ಮಹಾಕವಿಗಾಗಿ ಹಿಗ್ಗಿಸಿದ ಅಳತೆ ಎಲ್ಲರಿಗೂ ಅನ್ವಯಿಸಿತು. ಕತ್ತರಿಸಿ ಜೋಡಿಸುವ ಕಲೆಗೆ 52ನೆಯ ಕಲಮಿನಲ್ಲಿ ಒಂದು ಸಾಲು ಸೇರಿಸಬೇಕು. ಎಷ್ಟು ತೆಗೆದುಕೊಂಡ, ಹೊಸತೇನು ಕಟ್ಟಿದ, ಮೂಲದವರ ಅನ್ನಕ್ಕೆ ಕೈ ಹಾಕಿದನೇ ಎಂಬುದನ್ನು ಅದು ನೋಡಬೇಕು. ಅಲ್ಲಿಯವರೆಗೆ ಶಿಲ್ಪ ಬೇಕಾದವರು ಕ್ಯಾಮೆರಾ ಹಿಡಿದು ಅಮೃತಪುರಕ್ಕೇ ಹೋಗಬಹುದು. ಹಕ್ಕಿ ಬೇಕಾದವರು ವಾರಸುದಾರರಿಗೆ ಒಂದು ಕಾಗದ ಬರೆಯಬೇಕು.