ಕೋಳಿಯ ಮೇವು ಯಾರ ಕೈಯಲ್ಲಿ?

ಹಿಂದೆ ನಮ್ಮ ಹಳ್ಳಿಗಳಲ್ಲಿ ಕೋಳಿಗೆ ಮೇವು ಹಾಕುವುದೆಂದರೆ, ಸಂಜೆ ಗೂಡಿಗೆ ಸೇರಿಸುವ ಮುನ್ನ ಒಂದು ಹಿಡಿ ನುಚ್ಚನ್ನೋ ರಾಗಿಯನ್ನೋ ಅಂಗಳಕ್ಕೆ ಎರಚುವುದಷ್ಟೇ ಆಗಿತ್ತು. ಉಳಿದ ಹೊಟ್ಟೆಪಾಡನ್ನು ಕೋಳಿಯೇ ನೋಡಿಕೊಳ್ಳುತ್ತಿತ್ತು. ತಿಪ್ಪೆ ಕೆದಕಿ ಹುಳು ಹೆಕ್ಕುತ್ತಿತ್ತು. ಕಣದಲ್ಲಿ ಚೆಲ್ಲಿದ ಕಾಳು ಆಯುತ್ತಿತ್ತು. ಹೇಂಟೆಯೇ ಕಾವು ಕೂತು ಮರಿ ಮಾಡುತ್ತಿತ್ತು. ಹುಂಜ ಮಾಂಸಕ್ಕೆ ಒದಗಲು ಹಲವು ತಿಂಗಳು ಬೇಕಿತ್ತು. ಹದ್ದು, ಮುಂಗುಸಿ, ಕೊಕ್ಕರೆ ರೋಗಗಳಿಗೆ ತುತ್ತಾಗುವ ಮರಿಗಳೂ ಅನೇಕ. ಆದರೆ ಕೋಳಿ ಸಾಕಿದ ಹೆಣ್ಣುಮಗಳು ಅದಕ್ಕಾಗಿ ಯಾರಲ್ಲೂ ಸಾಲ ಮಾಡಬೇಕಿರಲಿಲ್ಲ.

ಇಂದು ಶೆಡ್ಡಿನಲ್ಲಿ ಬೆಳೆಯುವ ಬ್ರಾಯ್ಲರ್ ಕೋಳಿ ಸುಮಾರು ಆರು ವಾರಗಳಲ್ಲೇ ಎರಡು ಕಿಲೋ ತೂಗುತ್ತದೆ. ಈ ಬದಲಾವಣೆ ಆರಂಭವಾದದ್ದು ಎಲ್ಲಿ?

ಅಮೆರಿಕದ ಡೆಲವೇರ್ ರಾಜ್ಯದ ಓಷನ್ ವ್ಯೂ ಎಂಬ ಊರಿನಲ್ಲಿ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ ಕೋಳಿ ಸಾಕುತ್ತಿದ್ದರು. 1923ರಲ್ಲಿ ಅವರು 50 ಮರಿಗಳನ್ನು ಕೇಳಿದರೆ, ಬಂದದ್ದು 500 ಮರಿಗಳು! ಆಕೆ ಅವನ್ನು ಹಿಂದಿರುಗಿಸಲಿಲ್ಲ. 18 ವಾರ ಸಾಕಿ, ಬದುಕುಳಿದ 387 ಕೋಳಿಗಳನ್ನು ಪೌಂಡಿಗೆ 62 ಸೆಂಟಿನಂತೆ ಮಾಂಸಕ್ಕೆ ಮಾರಿದರು. ಒಂದೊಂದರ ತೂಕ ಒಂದು ಕಿಲೋದಷ್ಟೂ ಇರಲಿಲ್ಲ. ಆದರೂ ಒಳ್ಳೆಯ ಲಾಭ ಬಂತು. ಮರುವರ್ಷ ಅವರು 1,000 ಮರಿ ತರಿಸಿದರು. ಅಲ್ಲಿಯವರೆಗೆ ಮಾಂಸವೆಂಬುದು ಮೊಟ್ಟೆ ಕೋಳಿ ಸಾಕಣೆಯ ಉಪ ಉತ್ಪನ್ನ ಮಾತ್ರವಾಗಿತ್ತು; ಈಗ ಅದೇ ಒಂದು ಕಸುಬಾಯಿತು. ನೆರೆಹೊರೆಯ ಸಣ್ಣ ರೈತರೂ ಶೆಡ್ಡು ಕಟ್ಟಿದರು.

ಈ ಕಸುಬಿಗೆ ನೆರವಾದದ್ದು ಪೋಷಣಾ ವಿಜ್ಞಾನ. ಬಿಸಿಲು ಕಾಣದೆ ಬೆಳೆದ ಮರಿಗಳ ಕಾಲುಗಳು ಸೊಟ್ಟಗಾಗುತ್ತಿದ್ದವು. ಕಾಡ್ ಮೀನಿನ ಎಣ್ಣೆಯಲ್ಲಿ ಈ ದೋಷವನ್ನು ತಡೆಯುವ ಅಂಶವಿದೆಯೆಂದು 1922ರಲ್ಲಿ ಎಲ್ಮರ್ ಮೆಕಾಲಂ ಮತ್ತು ಸಂಗಡಿಗರು ತೋರಿಸಿದರು. ಅದೇ ವಿಟಮಿನ್ ಡಿ. ಮೇವಿನಲ್ಲಿ ಇದನ್ನು ಬೆರೆಸಿದ ಮೇಲೆ ಚಳಿಗಾಲದಲ್ಲೂ ಸೂರಿನಡಿ ಕೋಳಿ ಸಾಕುವುದು ಸಾಧ್ಯವಾಯಿತು. ಮುಂದೆ ತಳಿಯೂ ಬದಲಾಯಿತು. 1948ರಲ್ಲಿ ಡೆಲವೇರ್‌ನಲ್ಲೇ ನಡೆದ 'ನಾಳಿನ ಕೋಳಿ' ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಚಾರ್ಲ್ಸ್ ವ್ಯಾಂಟ್ರೆಸ್ ಅವರ ಅಗಲ ಎದೆಯ ಮಿಶ್ರತಳಿ ಗೆದ್ದಿತು.

ಇಲ್ಲೊಂದು ಅಂಶವನ್ನು ಗಮನಿಸಬೇಕು. ಬೇಗ ಬೆಳೆಯುವ ಕೋಳಿಗೆ ತಿಪ್ಪೆಯ ಹುಳು ಸಾಲದು. ಮೆಕ್ಕೆಜೋಳ, ಸೋಯಾ ಹಿಂಡಿ, ಖನಿಜಗಳನ್ನು ಅಳತೆಯಂತೆ ಬೆರೆಸಿದ ಮೇವು ಬೇಕು. ಬ್ರಾಯ್ಲರ್ ಸಾಕುವ ಖರ್ಚಿನಲ್ಲಿ ಸುಮಾರು ಮೂರನೇ ಎರಡು ಪಾಲು ಮೇವಿನದೇ. ಆದ್ದರಿಂದ ಅಮೆರಿಕದ ರೈತರು ಮೇವಿನ ವ್ಯಾಪಾರಿಗಳಿಂದ ಮರಿ, ಮೇವುಗಳನ್ನು ಕಡ ತಂದರು. ಬೆಲೆ ಕುಸಿದಾಗ ಸಾಲ ಉಳಿಯಿತು. 1950ರ ದಶಕದ ವೇಳೆಗೆ ಈ ಕಡದ ವ್ಯವಹಾರವೇ ಗುತ್ತಿಗೆ ಸಾಕಣೆಯಾಗಿ ಬೆಳೆಯಿತು.

1990ರ ದಶಕದಲ್ಲಿ ಇದೇ ಪದ್ಧತಿ ತಮಿಳುನಾಡಿನ ಕೊಯಮತ್ತೂರು ಭಾಗದಲ್ಲಿ ಬೇರೂರಿ, ನಂತರ ಕರ್ನಾಟಕಕ್ಕೂ ಹಬ್ಬಿತು. ಮರಿ, ಮೇವು, ಔಷಧ ಕಂಪನಿಯದು. ಶೆಡ್ಡು, ನೀರು, ವಿದ್ಯುತ್, ದುಡಿಮೆ ರೈತನದು. ಬೆಳೆಸಿದ ತೂಕಕ್ಕೆ ತಕ್ಕಂತೆ ಕೂಲಿ. ಬೆಲೆ ಬಿದ್ದಾಗ ರೈತ ಪೂರ್ತಿ ಮುಳುಗುವುದಿಲ್ಲ, ನಿಜ. ಆದರೆ ಯಾವ ಮರಿ ತರಬೇಕು, ಯಾವಾಗ ಮಾರಬೇಕು ಎಂಬ ತೀರ್ಮಾನ ಅವನದಲ್ಲ. ಸಿಸಿಲ್ ಸ್ಟೀಲ್ ಅವರಿಗೆ 1923ರಲ್ಲಿ ಆ ಸ್ವಾತಂತ್ರ್ಯವಿತ್ತು.

ನಡುವಿನ ದಾರಿಯೊಂದನ್ನು ಹುಡುಕಿದವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು. 1980ರ ದಶಕದ ಕೊನೆಯ ವೇಳೆಗೆ ಅವರು ಗಿರಿರಾಜ ತಳಿಯನ್ನು ರೂಪಿಸಿದರು. ಅದರ ಮೈಬಣ್ಣ ನಾಟಿ ಕೋಳಿಯಂತೆಯೇ ಬಗೆಬಗೆಯದು. ಆದ್ದರಿಂದ ಹದ್ದಿನ ಕಣ್ಣಿಗೆ ಸುಲಭವಾಗಿ ಬೀಳದು. ಹಿತ್ತಲಲ್ಲಿ ತಾನೇ ಮೇಯುತ್ತದೆ, ನಾಟಿ ಕೋಳಿಗಿಂತ ಬೇಗ ಬೆಳೆಯುತ್ತದೆ. 2005ರಲ್ಲಿ ಸ್ವರ್ಣಧಾರ ತಳಿಯೂ ಬಂತು. ಆದರೆ ಇಲ್ಲೂ ಒಂದು ಮಿತಿಯಿದೆ. ಗಿರಿರಾಜದ ಮುಂದಿನ ಪೀಳಿಗೆಯಲ್ಲಿ ಅದೇ ಗುಣ ಉಳಿಯುವುದಿಲ್ಲ. ಪ್ರತಿ ಬಾರಿಯೂ ಮರಿಯನ್ನು ಹೊರಗಿನಿಂದಲೇ ತರಬೇಕು. ಅಂದರೆ ಮೇವು ಬಹುಪಾಲು ರೈತರ ಕೈಗೆ ಮರಳಿತು, ಮರಿ ಮರಳಲಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮೂರ ಸಂತೆಯಲ್ಲಿ ನಾಟಿ ಕೋಳಿಗೂ ಫಾರಂ ಕೋಳಿಗೂ ಇರುವ ಬೆಲೆಯ ಅಂತರವನ್ನು ಒಮ್ಮೆ ವಿಚಾರಿಸಿ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಇದರ ಮರಿ ಎಲ್ಲಿಂದ ಬಂತು? ಮೇವು ಯಾರದು? ನೂರು ವರ್ಷಗಳ ಈ ಚರಿತ್ರೆ ಆ ಉತ್ತರಗಳಲ್ಲಿದೆ.